ಕಿಲೋ ದರದಲ್ಲಿ ಬಾರದ ಬಲ: ಉಕ್ಕಿನ ಶೆಡ್ಡುಗಳ ಬೆಸುಗೆ ಮತ್ತು ನಮ್ಮ ಲೆಕ್ಕಾಚಾರ

ಹಾವೇರಿಯಿಂದ ಮೋಟೆಬೆನ್ನೂರು ಮಾರ್ಗವಾಗಿ ರಾಣೆಬೆನ್ನೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಗುವವರಿಗೆ ರಸ್ತೆಯ ಎರಡೂ ಬದಿಗಳಲ್ಲಿ ಕಾಣುವ ನೋಟ ಕಳೆದ ಎರಡು ದಶಕಗಳಲ್ಲಿ ಬಹಳ ಬದಲಾಗಿದೆ. ಕಟ್ಟಿಗೆಯ ತೊಲೆ ಮತ್ತು ಮಂಗಳೂರು ಹೆಂಚಿನ ಗೋದಾಮುಗಳು ಹಿಂದೆ ಸರಿದಿವೆ. ಅವುಗಳ ಸ್ಥಾನದಲ್ಲಿ ಉಕ್ಕಿನ ಕಂಬ, ಉಕ್ಕಿನ ಟ್ರಸ್, ಮೇಲೆ ಬಣ್ಣದ ತಗಡು ಹೊದ್ದ ಶೆಡ್ಡುಗಳು ಎದ್ದು ನಿಂತಿವೆ. ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹಗಳು, ರಾಣೆಬೆನ್ನೂರಿನ ಬೀಜ ಸಂಸ್ಕರಣ ಘಟಕಗಳು, ಗೋವಿನಜೋಳದ ದಾಸ್ತಾನು ಮಳಿಗೆಗಳು, ಟ್ರ್ಯಾಕ್ಟರ್ ಟ್ರೇಲರ್ ತಯಾರಿಸುವ ಸಣ್ಣ ವರ್ಕ್‌ಶಾಪುಗಳು, ಇವೆಲ್ಲವೂ ಇಂದು ಉಕ್ಕಿನ ಛಾವಣಿಯ ಕೆಳಗೇ ವ್ಯವಹಾರ ನಡೆಸುತ್ತಿವೆ. ನಮ್ಮ ವರ್ತಕ ಬಾಂಧವರ ಸ್ಥಿರಾಸ್ತಿಗಳ ಪಟ್ಟಿಯಲ್ಲಿ ನಿವೇಶನದ ನಂತರದ ದೊಡ್ಡ ಮೊತ್ತ ಬಹುಮಟ್ಟಿಗೆ ಶೆಡ್ಡಿನದೇ ಆಗಿರುತ್ತದೆ.

ಈ ಶೆಡ್ಡನ್ನು ನಾವು ಕೊಳ್ಳುವ ಕ್ರಮವನ್ನು ಒಮ್ಮೆ ಗಮನಿಸಬೇಕು. ಫ್ಯಾಬ್ರಿಕೇಟರ್ ಕೊಡುವ ಕೊಟೇಶನ್ನಿನಲ್ಲಿ ಒಂದೇ ಒಂದು ಸಂಖ್ಯೆ ನಮ್ಮ ಕಣ್ಣಿಗೆ ಬೀಳುತ್ತದೆ: ಕಿಲೋಗೆ ಇಷ್ಟು ರೂಪಾಯಿ. ಉಕ್ಕು, ಕತ್ತರಿಸುವಿಕೆ, ಬೆಸುಗೆ, ಬಣ್ಣ, ಎತ್ತಿ ನಿಲ್ಲಿಸುವ ಕೂಲಿ ಎಲ್ಲವೂ ಆ ಒಂದು ದರದಲ್ಲಿ ಅಡಗಿರುತ್ತವೆ. ವೇಬ್ರಿಜ್ ಚೀಟಿಯನ್ನು ನಾವು ಎರಡೆರಡು ಬಾರಿ ಪರಿಶೀಲಿಸುತ್ತೇವೆ. ಬೆಸುಗೆಯನ್ನು ಒಮ್ಮೆಯೂ ನೋಡುವುದಿಲ್ಲ. ಈ ಲೇಖನದ ವಿಷಯ ಅದೇ. ನಾನು ವಾಣಿಜ್ಯ ಪದವೀಧರ, ವೃತ್ತಿಯಿಂದ ಲೆಕ್ಕಪರಿಶೋಧಕ, ಎಂಜಿನಿಯರ್ ಅಲ್ಲ. ಆದರೂ ಈ ವಿಷಯದ ಬಗ್ಗೆ ಬರೆಯಬೇಕಾಗಿ ಬಂದದ್ದಕ್ಕೆ ಕಾರಣವಿದೆ, ಮತ್ತು ಆ ಕಾರಣದಲ್ಲಿ ನನ್ನ ತಪ್ಪಿನ ಪಾಲೂ ಇದೆ.

ಅಗಡಿಯ ಗೋದಾಮು

ಅಗಡಿ ಹಾವೇರಿ ತಾಲೂಕಿನ ಗ್ರಾಮ. ಶೇಷಾಚಲ ಸದ್ಗುರುಗಳ ಆನಂದವನದಿಂದಲೂ, ಗಳಗನಾಥರು ಸಂಪಾದಕರಾಗಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯಿಂದಲೂ ಹೆಸರಾದ ಊರು. ಅಲ್ಲಿಯ ನನ್ನ ಕಕ್ಷಿದಾರರೊಬ್ಬರು ಕೆಲವು ವರ್ಷಗಳ ಹಿಂದೆ ಊರ ಅಂಚಿನಲ್ಲಿ ಗೋವಿನಜೋಳದ ದಾಸ್ತಾನಿಗಾಗಿ ಶೆಡ್ಡು ಕಟ್ಟಿಸಿದರು. ಎರಡು ಕೊಟೇಶನ್‌ಗಳು ಬಂದಿದ್ದವು. ಒಂದರಲ್ಲಿ ಕಿಲೋ ದರದ ಜೊತೆಗೆ ‘ಬೆಸುಗೆ ಪರಿಶೀಲನೆ’ ಎಂಬ ಪ್ರತ್ಯೇಕ ಸಾಲು ಇತ್ತು. ಇನ್ನೊಂದರಲ್ಲಿ ಆ ಸಾಲೂ ಇರಲಿಲ್ಲ, ದರವೂ ಕಡಿಮೆ ಇತ್ತು. ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಗಾಗಿ ಎರಡನ್ನೂ ಅಕ್ಕಪಕ್ಕದ ಅಂಕಣಗಳಲ್ಲಿಟ್ಟು ಹೋಲಿಸಿ, ಪರಿಶೀಲನೆಯ ಸಾಲು ಅನಗತ್ಯ ವೆಚ್ಚವೆಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿದವನು ನಾನೇ.

ಎರಡನೆಯ ವರ್ಷದ ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಅಡ್ಡಮಳೆಯ ಗಾಳಿ ಎದ್ದಿತು. ನಮ್ಮ ಭಾಗದಲ್ಲಿ ಅದೇನೂ ಅಪರೂಪದ ಗಾಳಿಯಲ್ಲ. ಕಂಬಗಳು ನಿಂತವು, ಟ್ರಸ್‌ಗಳೂ ನಿಂತವು. ಆದರೆ ಪಶ್ಚಿಮ ತುದಿಯ ಮೂರು ಅಂಕಣಗಳ ತಗಡು ಪರ್ಲಿನ್‌ಗಳ ಸಮೇತ ಕಿತ್ತುಕೊಂಡು ಪಕ್ಕದ ಹೊಲದಲ್ಲಿ ಬಿದ್ದಿತು. ಮನುಷ್ಯರಿಗೆ ಅಪಾಯವಾಗಲಿಲ್ಲ. ಹಮಾಲರು ಅರ್ಧ ತಾಸಿನ ಹಿಂದಷ್ಟೇ ಹೊರಗೆ ಹೋಗಿದ್ದರು. ಚೀಲಗಳು ಮಾತ್ರ ರಾತ್ರಿಯೆಲ್ಲ ನೆನೆದವು.

ಮರುದಿನ ನಾನು ಹೋದಾಗ ಅಲ್ಲಿ ಹಿರಿಯರೊಬ್ಬರು ಇದ್ದರು. ಹರಿಹರದ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಫೋರ್‌ಮನ್ ಆಗಿ ದುಡಿದು ನಿವೃತ್ತರಾದವರು, ಕಕ್ಷಿದಾರರ ಬೀಗರು. ಹೊಲದಿಂದ ಒಂದು ಕ್ಲೀಟನ್ನು, ಅಂದರೆ ಪರ್ಲಿನ್ನನ್ನು ಟ್ರಸ್ಸಿಗೆ ಹಿಡಿದಿಡುವ ಅಂಗೈಯಗಲದ ಆ್ಯಂಗಲ್ ತುಂಡನ್ನು, ತಂದು ನನ್ನ ಕೈಯಲ್ಲಿಟ್ಟರು. ಬೆಸುಗೆಯ ಏಣು ಕ್ಲೀಟಿನಲ್ಲಿಯೇ ಸುರಕ್ಷಿತವಾಗಿತ್ತು. ಆದರೆ ಅದು ಟ್ರಸ್ಸಿಗೆ ತಾಗಿದ್ದ ಮುಖ ನಯವಾಗಿತ್ತು. ಅರಗಿನಿಂದ ಅಂಟಿಸಿ ಕಿತ್ತ ನಾಣ್ಯದಂತೆ. ಒಂದು ಮೂಲೆಯಲ್ಲಿ ಬೆಸುಗೆಯ ಒಳಮೈಗೆ ರೆಡ್ ಆಕ್ಸೈಡ್ ಬಣ್ಣ ಇಳಿದಿತ್ತು.

“ನೋಡ್ರಿ ಸಾಹೇಬ್ರ, ಇದು ನಿನ್ನಿ ಗಾಳಿಗೆ ಬಿಟ್ಟದ್ದಲ್ಲ. ಬಣ್ಣ ಹಚ್ಚೋ ದಿನಾನ ಬಿಟ್ಟಿತ್ತು” ಎಂದರು. ಅನಂತರ ಅವರು ಹೇಳಿದ ಮಾತು ನನಗೆ ಇಂದಿಗೂ ಚುಚ್ಚುತ್ತದೆ: “ನೀವು ತೂಕಕ್ಕ ರೊಕ್ಕ ಕೊಡ್ತೀರಿ. ಬೆಸಿಗಿಗೆ ಯಾರು ಕೊಟ್ಟಾರ್ರಿ?”

ತೂಕದ ಲೆಕ್ಕ, ಬಲದ ಲೆಕ್ಕ

ಅವರ ಪ್ರಶ್ನೆಯನ್ನು ಲೆಕ್ಕದ ಭಾಷೆಯಲ್ಲಿ ನೋಡೋಣ. ಸಾಮಾನ್ಯ ಉಕ್ಕಿನ ರಚನೆಯಲ್ಲಿ ಬೆಸುಗೆಯ ಲೋಹದ ತೂಕ ಒಟ್ಟು ತೂಕದ ಸುಮಾರು ಶೇ. 1ರಿಂದ 2ರಷ್ಟು. ಹತ್ತು ಟನ್ನಿನ ಶೆಡ್ಡಿನಲ್ಲಿ ಒಂದು, ಹೆಚ್ಚೆಂದರೆ ಎರಡು ಕ್ವಿಂಟಲ್. ಆದರೆ ಉಳಿದ ತೊಂಬತ್ತೆಂಟು ಕ್ವಿಂಟಲ್ ಉಕ್ಕು ಒಂದಾಗಿ ನಿಲ್ಲುವುದು ಆ ಎರಡು ಕ್ವಿಂಟಲ್‌ಗಳಿಂದ. ಕಿಲೋ ದರದ ಗುತ್ತಿಗೆಯಲ್ಲಿ ಫ್ಯಾಬ್ರಿಕೇಟರಿಗೆ ಆದಾಯ ತರುವುದು ಉಕ್ಕಿನ ತೂಕ. ಬೆಸುಗೆ ಅವರ ಪಾಲಿಗೆ ಕೇವಲ ಖರ್ಚು. ರಾಡು, ವಿದ್ಯುತ್ತು, ನುರಿತ ಕೆಲಸಗಾರನ ಸಮಯ, ಈ ಮೂರೂ ಅದರಲ್ಲಿಯೇ ಕರಗುತ್ತವೆ. ದರವನ್ನು ಚೌಕಾಶಿ ಮಾಡಿ ಒಂದೆರಡು ರೂಪಾಯಿ ಇಳಿಸಿದಾಗ ಉಕ್ಕಿನ ಬೆಲೆ ಇಳಿಯುವುದಿಲ್ಲ, ಏಕೆಂದರೆ ಅದು ಪೇಟೆಯಲ್ಲಿ ನಿಗದಿಯಾದದ್ದು. ಇಳಿಯಲು ಸಾಧ್ಯವಿರುವುದು ಬೆಸುಗೆ ಮಾತ್ರ. ಆದ್ದರಿಂದ ಅಗಡಿಯ ಫ್ಯಾಬ್ರಿಕೇಟರನ್ನು ಮಾತ್ರ ದೂರುವುದು ನ್ಯಾಯವಲ್ಲ. ಆ ದರವನ್ನು ಬೇಡಿದವರು ನಾವು.

ಇನ್ನು ಬಲದ ಲೆಕ್ಕ. ನಮ್ಮ ಶೆಡ್ಡುಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಫಿಲೆಟ್ ಬೆಸುಗೆ: ಎರಡು ತುಂಡುಗಳು ಕೂಡುವ ಮೂಲೆಯಲ್ಲಿ ತ್ರಿಕೋನಾಕಾರವಾಗಿ ತುಂಬುವ ಬೆಸುಗೆ. ತ್ರಿಕೋನದ ಬದಿಯನ್ನು ಬೆಸುಗೆಯ ಅಳತೆ ಎನ್ನುತ್ತಾರೆ. ಆದರೆ ಭಾರ ಹೊರುವುದು ಮೂಲೆಯ ಬೇರಿನಿಂದ ಹೊರಮುಖದವರೆಗಿನ ಅತಿ ಕಡಿಮೆ ದಪ್ಪ. ಇದಕ್ಕೆ ಗಂಟಲು ಎಂದು ಹೆಸರು. ಲಂಬಕೋನದ ಮೂಲೆಯಲ್ಲಿ ಅದು ಅಳತೆಯ 0.7 ಪಾಲು. 6 ಮಿ.ಮೀ. ಬೆಸುಗೆಯ ಗಂಟಲು 4.2 ಮಿ.ಮೀ. ಸಾಮಾನ್ಯ ಉಕ್ಕಿಗೆ ಭಾರತೀಯ ಮಾನಕ ಐಎಸ್ 800ರ 2007ರ ಆವೃತ್ತಿಯ ಸೂತ್ರವನ್ನು ಅನ್ವಯಿಸಿದರೆ, ಸರಿಯಾಗಿ ಮಾಡಿದ 6 ಮಿ.ಮೀ. ಅಳತೆಯ, 100 ಮಿ.ಮೀ. ಉದ್ದದ ಬೆಸುಗೆಯ ವಿನ್ಯಾಸ ಸಾಮರ್ಥ್ಯ ಸುಮಾರು 8 ಟನ್. ಅಂಗೈಯಗಲದ ಒಂದು ಗೆರೆ ಎಂಟು ಟನ್ ತಡೆಯುತ್ತದೆ ಎಂಬುದು ನನಗೆ ಅಚ್ಚರಿ ತಂದಿತು. ಅದೇ ಗೆರೆ ಮೇಲ್ನೋಟಕ್ಕೆ ಪೂರ್ತಿಯಾಗಿದ್ದು ಒಳಗೆ ಕರಗಿ ಕೂಡದೆ ಹೋದರೆ ಸೊನ್ನೆಗೆ ಸಮೀಪ.

ಅದೇ ಮಾನಕದಲ್ಲಿ ಲೆಕ್ಕಪರಿಶೋಧಕರಿಗೆ ಮೆಚ್ಚುಗೆಯಾಗುವ ಇನ್ನೊಂದು ಅಂಶವಿದೆ. ಬೆಸುಗೆಯ ಬಲವನ್ನು ಲೆಕ್ಕ ಹಾಕುವಾಗ ಸುರಕ್ಷತೆಗಾಗಿ ಒಂದು ಭಾಜಕವನ್ನು ಬಳಸುತ್ತಾರೆ. ವರ್ಕ್‌ಶಾಪಿನಲ್ಲಿ ಮಾಡಿದ ಬೆಸುಗೆಗೆ ಅದು 1.25, ಕಟ್ಟಡದ ಸ್ಥಳದಲ್ಲಿ ಮಾಡಿದ ಬೆಸುಗೆಗೆ 1.50. ಏಣಿಯ ಮೇಲೆ ನಿಂತು, ಗಾಳಿಯಲ್ಲಿ, ತಲೆಯ ಮೇಲ್ಭಾಗಕ್ಕೆ ಕೈಚಾಚಿ ಮಾಡಿದ ಕೆಲಸವನ್ನು ಮಾನಕವೇ ಅಷ್ಟರಮಟ್ಟಿಗೆ ನಂಬುವುದಿಲ್ಲ. ಸಂಶಯಾಸ್ಪದ ಬಾಕಿಗಳಿಗೆ ನಾವು ಮೊದಲೇ ಮೊತ್ತ ತೆಗೆದಿಡುವ ಹಾಗೆ. ಆದ್ದರಿಂದ ಸಾಧ್ಯವಾದಷ್ಟು ಬೆಸುಗೆಯನ್ನು ನೆಲದ ಮೇಲೆ ಮುಗಿಸಿ, ಮೇಲೆ ಬೋಲ್ಟಿನಿಂದ ಜೋಡಿಸುವುದು ಲಾಭಕರ.

‘ಹಾಗಾದರೆ ದಪ್ಪ ಬೆಸುಗೆ ಹಾಕಿಸಿಬಿಡೋಣ’ ಎನ್ನುವವರಿದ್ದಾರೆ. ಅದೂ ಸರಿಯಲ್ಲ. 6 ಮಿ.ಮೀ. ಬೆಸುಗೆಯ ತ್ರಿಕೋನದ ವಿಸ್ತೀರ್ಣ 18 ಚದರ ಮಿ.ಮೀ.; 8 ಮಿ.ಮೀ. ಬೆಸುಗೆಯದು 32. ಬಲ ಹೆಚ್ಚುವುದು ಶೇ. 33, ಲೋಹ ಹೆಚ್ಚುವುದು ಶೇ. 78. ಜೊತೆಗೆ ಹೆಚ್ಚಿನ ಶಾಖದಿಂದ ಆ್ಯಂಗಲ್ ಸೊಟ್ಟಗಾಗುತ್ತದೆ, ಅದನ್ನು ನೇರ ಮಾಡುವ ಕೂಲಿ ಬೇರೆ. ಬೇಕಿರುವುದು ದಪ್ಪವಲ್ಲ, ನಕ್ಷೆಯಲ್ಲಿ ಹೇಳಿದ ಅಳತೆ, ಹೇಳಿದ ಉದ್ದ, ಬೇರಿನವರೆಗೆ ಕರಗಿದ ಕೂಡಿಕೆ.

ಗಾಳಿ ಎತ್ತುತ್ತದೆ, ಒತ್ತುವುದಿಲ್ಲ

ಛಾವಣಿಯ ಮೇಲಿನ ಭಾರ ಕೆಳಮುಖವಾಗಿರುತ್ತದೆ ಎಂಬುದು ನಮ್ಮ ಸಹಜ ಕಲ್ಪನೆ. ಹಗುರವಾದ ತಗಡಿನ ಶೆಡ್ಡಿನಲ್ಲಿ ಬಿರುಗಾಳಿಯ ಸಮಯ ಅದು ತಿರುವುಮುರುವಾಗುತ್ತದೆ. ಇಳಿಜಾರಿನ ಮೇಲೆ ಹಾಯುವ ಗಾಳಿ ತಗಡನ್ನು ಮೇಲಕ್ಕೆ ಹೀರುತ್ತದೆ. ಗಾಳಿಗೆದುರಾದ ಬಾಗಿಲು ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ತಳ್ಳುತ್ತದೆ. ಆಗ ಎಳೆತವೆಲ್ಲ ಬಂದು ಸೇರುವುದು ಪರ್ಲಿನ್ ಕ್ಲೀಟುಗಳಿಗೆ, ಬಳಿಕ ಕಂಬದ ತುದಿಗೆ, ಕೊನೆಗೆ ಬೇಸ್ ಪ್ಲೇಟಿಗೆ. ಅಗಡಿಯಲ್ಲಿ ಪ್ರತಿ ಕ್ಲೀಟನ್ನೂ ಒಂದೇ ಬದಿಯಲ್ಲಿ ಬೆಸೆದಿದ್ದರು. ಒಂದು ಬದಿಯ ಫಿಲೆಟ್ ಬೆಸುಗೆ ನೇರ ಎಳೆತವನ್ನು ತಕ್ಕಮಟ್ಟಿಗೆ ತಡೆದೀತು, ಆದರೆ ಬೇರಿನ ಸುತ್ತ ಬಾಗಿಸಿದರೆ ಡಬ್ಬದ ಮುಚ್ಚಳದಂತೆ ಏಳುತ್ತದೆ. ಎರಡು ಬದಿಗೂ ಬೆಸೆದು, ಕೊನೆಯಲ್ಲಿ ಅಳತೆಯ ಎರಡು ಪಟ್ಟಿನಷ್ಟು ಮೂಲೆ ಸುತ್ತಿ ತಿರುಗಿಸಿದ್ದರೆ ಹೆಚ್ಚುವರಿ ಖರ್ಚು ಕ್ಲೀಟಿಗೆ ಒಂದೆರಡು ರಾಡು.

ಟ್ರಸ್ಸಿನ ಆ್ಯಂಗಲ್‌ಗಳಲ್ಲಿಯೂ ಇಂಥದೇ ಒಂದು ಸೂಕ್ಷ್ಮವಿದೆ. 50×50×6 ಆ್ಯಂಗಲ್ಲಿನ ಗುರುತ್ವ ರೇಖೆ ಮಧ್ಯದಲ್ಲಿಲ್ಲ. ಬೆನ್ನಿನ ಅಂಚಿನಿಂದ ಸುಮಾರು 14.5 ಮಿ.ಮೀ. ದೂರದಲ್ಲಿದೆ. ಹಾಗಾಗಿ ಗಸೆಟ್ ಪ್ಲೇಟಿಗೆ ಬೆಸೆಯುವಾಗ ಬೆನ್ನಿನ ಕಡೆಯ ಬೆಸುಗೆ ಒಟ್ಟು ಬಲದ ಸುಮಾರು ಶೇ. 70ರಷ್ಟನ್ನೂ, ತುದಿಯ ಕಡೆಯದು ಶೇ. 30ರಷ್ಟನ್ನೂ ಹೊರುತ್ತದೆ. ನಮ್ಮ ವರ್ಕ್‌ಶಾಪುಗಳಲ್ಲಿ ಎರಡೂ ಕಡೆ ಸಮ ಉದ್ದದ ಗೆರೆ ಎಳೆಯುವುದು ರೂಢಿ. ಕೆಲವೊಮ್ಮೆ ಕೈಗೆ ಸುಲಭವಾಗಿ ಸಿಗುವ ತುದಿಯಲ್ಲಿಯೇ ಹೆಚ್ಚು, ಬೆನ್ನಿನಲ್ಲಿ ಕಡಿಮೆ. ಇದು ಮೋಸವಲ್ಲ, ತಿಳಿವಳಿಕೆಯ ಕೊರತೆ. ನಕ್ಷೆಯಲ್ಲಿ ಎರಡು ಉದ್ದಗಳನ್ನು ಬೇರೆ ಬೇರೆ ಬರೆದುಕೊಟ್ಟರೆ ಸರಿಹೋಗುತ್ತದೆ.

ನಿಜವಾದ ಮೋಸವೂ ಒಂದಿದೆ. ಆ್ಯಂಗಲ್ಲನ್ನು ಅಳತೆಗಿಂತ ಗಿಡ್ಡವಾಗಿ ಕತ್ತರಿಸಿದ್ದರೆ ನಡುವೆ ಸಂದು ಉಳಿಯುತ್ತದೆ. ಆ ಸಂದಿಗೆ ಒಂದು ಸರಳಿನ ತುಂಡನ್ನೋ, ರಾಡಿನ ಮೋಟನ್ನೋ ಇಟ್ಟು ಮೇಲೆ ತೆಳುವಾಗಿ ಬೆಸುಗೆ ಎಳೆದುಬಿಡುತ್ತಾರೆ. ನೋಡಲು ದಪ್ಪ, ಚೆಂದ. ಒಳಗೆ ತುಂಡು ಸುಮ್ಮನೆ ಕೂತಿರುತ್ತದೆ. ಫಿಲೆಟ್ ಬೆಸುಗೆಯಲ್ಲಿ ಒಂದೂವರೆ ಮಿ.ಮೀ. ಮೀರಿದ ಸಂದು ಇದ್ದರೆ ಸಂದಿನಷ್ಟೇ ಬೆಸುಗೆಯ ಅಳತೆಯನ್ನು ಹೆಚ್ಚಿಸಬೇಕೆಂಬುದು ಸರ್ವಸಮ್ಮತ ಪದ್ಧತಿ. ಸಂದು ದೊಡ್ಡದಾದರೆ ತುಂಡನ್ನೇ ಬದಲಿಸಬೇಕು.

ರಾಡು, ತೇವ, ವಿದ್ಯುತ್ತು

ಹಗುರ ಶೆಡ್ಡುಗಳಿಗೆ ಸಾಮಾನ್ಯವಾಗಿ ಬಳಸುವುದು 6013 ವರ್ಗದ ರಾಡು. ಹೊತ್ತಿಸುವುದು ಸುಲಭ, ಮೇಲ್ಮೈ ನಯ. ದಪ್ಪ ಪ್ಲೇಟು, ಕಂಬದ ಬುಡ, ಭಾರಿ ಕೂಡಿಕೆಗಳಿಗೆ 7018 ವರ್ಗದ, ಅಂದರೆ ಕಡಿಮೆ ಜಲಜನಕದ ರಾಡು ಯೋಗ್ಯ. ಆದರೆ ಈ ಎರಡನೆಯದು ತೇವವನ್ನು ಸಹಿಸುವುದಿಲ್ಲ. ಲೇಪನ ಹೀರಿಕೊಂಡ ತೇವದಿಂದ ಹೊರಡುವ ಜಲಜನಕ ಬೆಸುಗೆಯೊಳಗೆ ಸೇರಿ, ಕೆಲಸ ಮುಗಿದ ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ಬಿರುಕು ಹುಟ್ಟಿಸುತ್ತದೆ. ಆದ್ದರಿಂದ ತಯಾರಕರು ಸೂಚಿಸಿದಂತೆ ಒಲೆಯಲ್ಲಿ, ಸಾಮಾನ್ಯವಾಗಿ 250ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಣಗಿಸಿ ಬಿಸಿಯಾಗಿಯೇ ಬಳಸಬೇಕು. ಹಾನಗಲ್ಲು, ಶಿಗ್ಗಾಂವಿ ಕಡೆಯ ಮಳೆಗಾಲದಲ್ಲಿ ತೆರೆದ ಪೊಟ್ಟಣವನ್ನು ಸಿಮೆಂಟಿನ ನೆಲದ ಮೇಲಿಟ್ಟು ವಾರಗಟ್ಟಲೆ ಬಳಸುವುದನ್ನು ನಾನು ಕಂಡಿದ್ದೇನೆ. ದುಬಾರಿ ರಾಡು ಕೊಂಡು ಒಲೆಗೆ ಹಣ ಉಳಿಸುವುದು ಎಂಥ ಮಿತವ್ಯಯವೋ ತಿಳಿಯದು.

ವಿದ್ಯುತ್ ಒತ್ತಡ ಕುಸಿದ ಹೊತ್ತಿನಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರದ ಪ್ರವಾಹವೂ ಕುಸಿಯುತ್ತದೆ. ರಾಡು ಕರಗುತ್ತದೆ, ತಳದ ಉಕ್ಕು ಕರಗುವುದಿಲ್ಲ. ಕರಗಿದ ಲೋಹ ಅದರ ಮೇಲೆ ಹರಿದು ಕೂರುತ್ತದೆ. ಅಗಡಿಯ ಕ್ಲೀಟುಗಳಿಗೆ ಆದದ್ದು ಇದೇ ಎಂದು ಫೋರ್‌ಮನ್ ಅವರ ಅಭಿಪ್ರಾಯ. ಅದರ ಜೊತೆಗೆ ತುಕ್ಕು ಉಜ್ಜದ ಮೇಲ್ಮೈ. ತುಕ್ಕು, ಎಣ್ಣೆ, ಬಣ್ಣ, ಸತುವಿನ ಲೇಪನ, ಇವುಗಳ ಮೇಲೆಯೇ ಬೆಸೆದರೆ ಗಾಳಿರಂಧ್ರಗಳು ಉಂಟಾಗುತ್ತವೆ. ಸತುವಿನ ಹೊಗೆಯಿಂದ ವೆಲ್ಡರಿಗೆ ಜ್ವರವೂ ಬರುತ್ತದೆ.

ಬಣ್ಣದ ಕೆಳಗೆ ಅಡಗಿದ ಬಿರುಕು

ಕ್ಲೀಟಿನೊಳಗೆ ಇಳಿದಿದ್ದ ಬಣ್ಣವನ್ನು ಕಂಡ ಮೇಲೆ ಈ ವಿಷಯವನ್ನು ಓದತೊಡಗಿದ ನನಗೆ ಸಿಕ್ಕ ಒಂದು ಪ್ರಕರಣ ಇಲ್ಲಿ ಹೇಳಲೇಬೇಕು. 1980ರ ಮಾರ್ಚ್ 27ರ ಸಂಜೆ ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ‘ಅಲೆಕ್ಸಾಂಡರ್ ಕೀಲ್ಯಾಂಡ್’ ಎಂಬ ನಾರ್ವೆಯ ತೇಲುವ ವೇದಿಕೆ ಮಗುಚಿತು. ಅದರಲ್ಲಿದ್ದ 212 ಜನರ ಪೈಕಿ 123 ಜನ ಪ್ರಾಣ ಕಳೆದುಕೊಂಡರು. ಐದು ಕಾಲುಗಳ ಆ ಬೃಹತ್ ರಚನೆಯ ಒಂದು ಕಾಲು ಮುರಿದು ಹೋಗಿತ್ತು. ತನಿಖೆ ನಡೆಸಿದಾಗ ಮೂಲ ಸಿಕ್ಕಿದ್ದು ಒಂದು ಅಡ್ಡ ಕೊಳವೆಗೆ ಶಬ್ದಗ್ರಾಹಕ ಸಾಧನವನ್ನು ಕೂರಿಸಲು ಬೆಸೆದಿದ್ದ ಸಣ್ಣ ಆಧಾರದಲ್ಲಿ. ಬೆಸುಗೆಯ ಅಳತೆ 6 ಮಿ.ಮೀ. ಮಾತ್ರ. ಆ ಆಧಾರವನ್ನು ಯಾರೂ ರಚನೆಯ ಭಾಗವೆಂದು ಎಣಿಸಿರಲಿಲ್ಲ. ಅಲ್ಲಿನ ಬಿರುಕಿನ ಮುಖದ ಮೇಲೆ ಬಣ್ಣದ ಕುರುಹು ದೊರೆಯಿತು. ಅಂದರೆ ಬಣ್ಣ ಬಳಿಯುವ ಮೊದಲೇ, ತಯಾರಿಕಾ ಹಂತದಲ್ಲಿಯೇ, ಬಿರುಕು ಇತ್ತು.

1994ರ ಅಕ್ಟೋಬರ್ 21ರಂದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಸಾಂಗ್ಸು ಸೇತುವೆಯ ಒಂದು ಭಾಗ ನದಿಗೆ ಕುಸಿದು 32 ಜನ ಮೃತಪಟ್ಟರು. 1979ರಲ್ಲಷ್ಟೇ ಸಂಚಾರಕ್ಕೆ ತೆರೆದ ಸೇತುವೆ ಅದು. ಅದರ ಟ್ರಸ್ಸಿನ ಬೆಸುಗೆಗಳ ದೋಷ ಆ ಕುಸಿತದ ಮುಖ್ಯ ಕಾರಣವೆಂದು ಸ್ಥಾಪಿತವಾಯಿತು.

ದೂರದ ಮಾತೇಕೆ ಎನ್ನಬಹುದು. ನಮ್ಮ ರಾಣೆಬೆನ್ನೂರು ತಾಲೂಕಿನ ಅಂಚಿನಲ್ಲಿ ಹರಿದು ಹೋಗುವ ತುಂಗಭದ್ರೆಯ ಜಲಾಶಯದಲ್ಲಿ 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿಯ ಕೊಂಡಿ ಹರಿದು ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಆ ಕೊಂಡಿ ಹರಿದದ್ದನ್ನು ಬೆಸುಗೆಗೆ ಗಂಟುಹಾಕುವುದು ನನ್ನ ಉದ್ದೇಶವಲ್ಲ. ನನ್ನ ಗಮನ ಸೆಳೆದದ್ದು ಮುಂದಿನ ವಾರ. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ತಾತ್ಕಾಲಿಕ ತಡೆಹಲಗೆಗಳನ್ನು ಕೆಲವೇ ದಿನಗಳಲ್ಲಿ ತಯಾರಿಸಿ, ಹರಿಯುವ ನೀರಿನಲ್ಲಿಯೇ ಇಳಿಸಿ ನೀರು ನಿಲ್ಲಿಸಲಾಯಿತು. ಹಗಲುರಾತ್ರಿ ದುಡಿದ ಫ್ಯಾಬ್ರಿಕೇಶನ್ ಕೆಲಸಗಾರರ ಹೆಸರುಗಳು ಹೆಚ್ಚಾಗಿ ಪತ್ರಿಕೆಗಳಲ್ಲಿ ಬರಲಿಲ್ಲ. ನಮ್ಮ ಭಾಗದಲ್ಲಿ ಕೌಶಲಕ್ಕೆ ಬರವಿಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಕೊರತೆ ಇರುವುದು ಅದನ್ನು ಕೇಳಿ, ನೋಡಿ, ಬೆಲೆ ಕೊಡುವ ಗಿರಾಕಿಯಲ್ಲಿ.

ನೋಡುವುದು ಹೇಗೆ

ಹಾಗಾದರೆ ವರ್ತಕನು ಮಾಡಬೇಕಾದದ್ದೇನು? ಮೊದಲನೆಯದಾಗಿ, ರೆಡ್ ಆಕ್ಸೈಡ್ ಬಳಿಯುವ ಮೊದಲು ನೋಡಬೇಕು. ಬಣ್ಣ ಬಿದ್ದ ಮೇಲೆ ನೋಡುವುದು ಬೈಂಡಿಂಗ್ ಆದ ಲೆಕ್ಕದ ಪುಸ್ತಕದ ರಟ್ಟನ್ನು ನೋಡಿದಂತೆ. ಟ್ರಸ್ ಇನ್ನೂ ನೆಲದ ಮೇಲಿರುವಾಗ ಒಂದು ಚಿಪ್ಪಿಂಗ್ ಸುತ್ತಿಗೆ, ತಂತಿ ಬ್ರಷ್ಷು, ಟಾರ್ಚು, ಭೂತಗನ್ನಡಿ ಮತ್ತು ಫಿಲೆಟ್ ಗೇಜು ಸಾಕು. ಗೇಜು ತೆಳುವಾದ ಉಕ್ಕಿನ ಎಲೆಗಳ ಗೊಂಚಲು. ಮೂಲೆಗೆ ಹಿಡಿದರೆ ಬೆಸುಗೆ 4 ಮಿ.ಮೀ. ಇದೆಯೋ 6 ಇದೆಯೋ ತಕ್ಷಣ ತಿಳಿಯುತ್ತದೆ. ಕಿಟ್ಟವನ್ನು ಪೂರ್ತಿ ಕೆತ್ತಿಸಬೇಕು. ಕಿಟ್ಟದ ಕೆಳಗೆ ಏನಿದೆ ಎಂಬುದೇ ಪರೀಕ್ಷೆ. ಬೆಸುಗೆಯ ಅಂಚಿನಲ್ಲಿ ಆ್ಯಂಗಲ್ ಕೊರೆದು ಕಾಲುವೆಯಂತಾಗಿದ್ದರೆ ಅದು ಅಂಡರ್‌ಕಟ್, ತೆಳುವಾದ ಚೌಕ ಪೈಪುಗಳಲ್ಲಿ ಬಹಳ ಅಪಾಯಕಾರಿ. ಗೆರೆಯ ಕೊನೆಯಲ್ಲಿ ತುಂಬದೆ ಬಿಟ್ಟ ಕುಳಿಯಲ್ಲಿ ನಕ್ಷತ್ರಾಕಾರದ ಬಿರುಕು ಇರಬಹುದು. ಜೋಡಿಸಲು ಹಾಕಿದ ಟ್ಯಾಕ್ ಹಾಗೆಯೇ ಉಳಿದು, ಪೂರ್ಣ ಬೆಸುಗೆ ಮರೆತುಹೋಗಿರುವುದೂ ಉಂಟು. ಇದನ್ನು ಕಾಣಲು ಎಂಜಿನಿಯರ್ ಆಗಬೇಕಿಲ್ಲ.

ಅನುಮಾನ ಬಂದಲ್ಲಿ ಮೂರು ಡಬ್ಬಿಗಳ ಬಣ್ಣದ ಪರೀಕ್ಷೆ ಇದೆ. ಒಂದರಿಂದ ಸ್ವಚ್ಛ ಮಾಡಿ, ಎರಡನೆಯ ಕೆಂಪು ದ್ರವ ಸಿಂಪಡಿಸಿ, ಹತ್ತು-ಹದಿನೈದು ನಿಮಿಷ ಬಿಟ್ಟು ಒರೆಸಿ, ಮೂರನೆಯ ಬಿಳಿಯ ಪುಡಿ ಸಿಂಪಡಿಸಿದರೆ ಬಿರುಕು ಇದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಮೇಲ್ಮೈಗೆ ತೆರೆದುಕೊಂಡ ಬಿರುಕು ಮಾತ್ರ ಇದರಲ್ಲಿ ಸಿಗುತ್ತದೆ. ಅಗಡಿಯ ಕ್ಲೀಟಿನಂಥ ಒಳಗಿನ ಕೂಡದಿರುವಿಕೆ ಸಿಗುವುದಿಲ್ಲ. ಅದಕ್ಕೆ ವೆಲ್ಡರನ್ನೇ ಮೊದಲು ಪರೀಕ್ಷಿಸಬೇಕು. ಎರಡು ಪಟ್ಟಿಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ನಿಲ್ಲಿಸಿ, ಒಂದೇ ಬದಿಗೆ ಬೆಸೆಸಿ, ತಣಿದ ಮೇಲೆ ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಬಾಗಿಸಿ ಮುರಿಯಬೇಕು. ಮುರಿದ ಮುಖದಲ್ಲಿ ಬೇರಿನವರೆಗೆ ಲೋಹ ಕರಗಿದ್ದರೆ ತೇರ್ಗಡೆ. ಬೇರಿನಲ್ಲಿ ನಯವಾದ ಗೆರೆ, ಕಿಟ್ಟ, ರಂಧ್ರಗಳಿದ್ದರೆ ಇಲ್ಲ. ಹತ್ತು ನಿಮಿಷದ ಕೆಲಸ, ಒಂದು ಅಡಿ ಪಟ್ಟಿಯ ಖರ್ಚು. ವೆಲ್ಡರುಗಳ ಪರೀಕ್ಷೆಗೆ ಐಎಸ್ 7310 ಎಂಬ ಮಾನಕವೇ ಇದೆ. ಐಟಿಐಯ ಒಂದು ವರ್ಷದ ವೆಲ್ಡರ್ ವೃತ್ತಿ ಮುಗಿಸಿದ ಹುಡುಗರು ನಮ್ಮಲ್ಲಿ ಇದ್ದಾರೆ. ಅವರನ್ನು ಕೇಳಿ ನೇಮಿಸಿಕೊಳ್ಳುವ ಗಿರಾಕಿ ಕಡಿಮೆ.

ಕಾಗದದಲ್ಲಿ ಇರಬೇಕಾದದ್ದು

ಇನ್ನು ನನ್ನ ವೃತ್ತಿಗೆ ಸೇರಿದ ಮಾತು. ವರ್ಕ್ ಆರ್ಡರಿನಲ್ಲಿ ಉಕ್ಕಿನ ದರ್ಜೆ, ರಾಡಿನ ವರ್ಗ, ಬೆಸುಗೆಯ ಅಳತೆ ಮತ್ತು ಉದ್ದ, ಪರಿಶೀಲನೆಯಾಗದೆ ಬಣ್ಣ ಬಳಿಯಬಾರದೆಂಬ ಷರತ್ತು, ಇಷ್ಟನ್ನಾದರೂ ಬರೆಯಬೇಕು. ಬೆಸುಗೆಯ ದರವನ್ನು ತೂಕದಿಂದ ಬೇರ್ಪಡಿಸಿ ಮೀಟರ್ ಲೆಕ್ಕದಲ್ಲಿ ತೋರಿಸಿದರೆ ಇನ್ನೂ ಉತ್ತಮ. ಆಗ ಬೆಸುಗೆಯೂ ಫ್ಯಾಬ್ರಿಕೇಟರಿಗೆ ಆದಾಯವಾಗುತ್ತದೆ. ಅದನ್ನು ಉಳಿಸುವ ಬದಲು ಮಾಡುವ ಆಸಕ್ತಿ ಹುಟ್ಟುತ್ತದೆ.

ದೋಷ ಕಂಡಾಗ ನಮ್ಮಲ್ಲಿ ನಡೆಯುವುದು ಬಾಯಿಮಾತಿನ ಜಗಳ ಮತ್ತು ಕೊನೆಯ ಕಂತನ್ನು ತಡೆಹಿಡಿಯುವುದು. ಇದು ತಿರುಗಿ ಬರಬಹುದು. ಫ್ಯಾಬ್ರಿಕೇಟರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿ ಹಣ ತಡೆಯುವಂತಿಲ್ಲ. ತಡೆದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಅದೇ ಕಾಯ್ದೆ ಖರೀದಿದಾರನಿಗೂ ಒಂದು ಬಾಗಿಲು ತೆರೆದಿಟ್ಟಿದೆ. ಸರಕು ಬಂದ ಅಥವಾ ಸೇವೆ ಮುಗಿದ ದಿನದಿಂದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ, ಆ ದೋಷವನ್ನು ಸರಿಪಡಿಸಿದ ದಿನವೇ ಸ್ವೀಕೃತಿಯ ದಿನವಾಗುತ್ತದೆ; ಗಡುವು ಅಲ್ಲಿಂದ ಆರಂಭ. ಹದಿನಾರನೆಯ ದಿನ ಬರೆದ ಪತ್ರಕ್ಕೆ ಈ ಬೆಲೆಯಿಲ್ಲ. ಸಾಮಗ್ರಿ ಮತ್ತು ನಿರ್ಮಾಣ ಎರಡೂ ಸೇರಿದ ಕಾಮಗಾರಿ ಗುತ್ತಿಗೆಗೆ ಈ ಕಾಯ್ದೆ ಎಷ್ಟರಮಟ್ಟಿಗೆ ಅನ್ವಯ ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಆ ಚರ್ಚೆಯನ್ನು ನೆಚ್ಚಿಕೊಂಡು ಪತ್ರ ಬರೆಯದೆ ಇರುವುದು ಜಾಣತನವಲ್ಲ.

ಅಗಡಿಯ ಪ್ರಕರಣದಲ್ಲಿ ಅಂಥ ಪತ್ರವಿರಲಿಲ್ಲ. ವಿಮೆಯ ಸರ್ವೇಯರ್ ಬಂದು ನಕ್ಷೆ, ರಾಡು ಖರೀದಿಯ ಬಿಲ್ಲು, ಪರಿಶೀಲನೆಯ ದಾಖಲೆ ಕೇಳಿದಾಗ ನಾವು ತೋರಿಸಲು ಸಾಧ್ಯವಾದದ್ದು ವೇಬ್ರಿಜ್ ಚೀಟಿಗಳನ್ನು ಮಾತ್ರ. ಮುರಿದ ಮುಖ ಹೊಳೆಯುತ್ತಿದ್ದರೆ ಹೊಸ ಮುರಿತ, ತುಕ್ಕು ಅಥವಾ ಬಣ್ಣವಿದ್ದರೆ ಹಳೆಯ ದೋಷ. ಇದು ಸರ್ವೇಯರಿಗೂ ಗೊತ್ತು. ಅವರು ಕ್ಲೀಟುಗಳ ಛಾಯಾಚಿತ್ರ ತೆಗೆದುಕೊಂಡು ಹೋದರು.

ಈಗಾಗಲೇ ಶೆಡ್ಡು ಇರುವವರಿಗೆ

ಮಾರ್ಚ್ ತಿಂಗಳಲ್ಲಿ, ಅಡ್ಡಮಳೆಗೆ ಮೊದಲು, ಒಂದು ದಿನ ಇದಕ್ಕಾಗಿ ಇಡಬೇಕು. ಅಂಚಿನ ಅಂಕಣಗಳ ಕ್ಲೀಟುಗಳಲ್ಲಿ ಬೆಸುಗೆಯ ಗುಂಟ ಬಣ್ಣ ಸೀಳಿದೆಯೇ, ಸೀಳಿನಿಂದ ತುಕ್ಕಿನ ನೀರು ಇಳಿದ ಗುರುತಿದೆಯೇ ನೋಡಿಸಬೇಕು. ಫ್ಯಾನು, ದೀಪದ ಪೈಪು, ಚೀಲ ಎತ್ತುವ ಚೈನ್‌ಪುಲ್ಲಿಯ ಕೊಕ್ಕೆ, ಇತ್ತೀಚೆಗೆ ಸೌರ ಫಲಕಗಳ ಆಧಾರ, ಹೀಗೆ ಶೆಡ್ಡು ಮುಗಿದ ನಂತರ ಯಾರ್ಯಾರೋ ಬಂದು ಟ್ರಸ್ಸಿಗೆ ಬೆಸೆದುಹೋದ ತುಂಡುಗಳನ್ನು ವಿಶೇಷವಾಗಿ ಗಮನಿಸಬೇಕು. ಕೀಲ್ಯಾಂಡ್ ವೇದಿಕೆಯಲ್ಲಿ ಬಿರುಕು ಹುಟ್ಟಿದ್ದು ಅಂಥ ತುಂಡಿನಲ್ಲಿ. ಸೌರ ಫಲಕಗಳು ಭಾರವನ್ನೂ ಗಾಳಿಯ ಹಿಡಿತವನ್ನೂ ಹೆಚ್ಚಿಸುತ್ತವೆಯಾದ್ದರಿಂದ ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಹಾಕಿಸಬಾರದು. ಸಾಧ್ಯವಾದಲ್ಲಿ ಬೆಸುಗೆಯ ಬದಲು ಬೋಲ್ಟಿನ ಹಿಡಿಕೆಗಳನ್ನು ಬಳಸುವುದು ಲೇಸು.

ದುರಸ್ತಿ ಬೇಕಾದಲ್ಲಿ ಹಳೆಯ ಬೆಸುಗೆಯ ಮೇಲೆಯೇ ಇನ್ನೊಂದು ಗೆರೆ ಎಳೆದು ಮುಚ್ಚಬಾರದು. ಕೆಳಗಿನ ಬಿರುಕು ಹಾಗೆಯೇ ಉಳಿಯುತ್ತದೆ. ಗ್ರೈಂಡರಿನಿಂದ ದೋಷ ಪೂರ್ತಿ ಹೋಗುವವರೆಗೆ ಕೆರೆದು, ಬಣ್ಣ ತೆಗೆದು, ಆ ಭಾಗಕ್ಕೆ ಆಸರೆ ಕೊಟ್ಟು ಭಾರ ಇಳಿಸಿದ ಮೇಲೆ ಬೆಸೆಯಬೇಕು. ಅದಕ್ಕೂ ಮೊದಲು ಕೆಳಗಿನ ದಾಸ್ತಾನನ್ನು ತೆರವು ಮಾಡಬೇಕು. ಒಣ ಮೆಣಸಿನಕಾಯಿ, ಹತ್ತಿ, ಗೋಣಿಚೀಲಗಳ ಮೇಲೆ ಬಿದ್ದ ಕಿಡಿ ತಕ್ಷಣ ಹೊತ್ತಿಕೊಳ್ಳದೆ ಒಳಗೊಳಗೇ ಗಂಟೆಗಟ್ಟಲೆ ಹೊಗೆಯಾಡಬಲ್ಲದು. ಬೆಸುಗೆ ನಿಂತ ಮೇಲೆಯೂ ಕನಿಷ್ಠ ಒಂದು ತಾಸು ಒಬ್ಬ ಆಳು ನೀರು ಮತ್ತು ಮರಳಿನ ಬಕೆಟ್ಟುಗಳೊಡನೆ ಅಲ್ಲಿಯೇ ಇರಬೇಕು. ಸಂಜೆ ಗೋದಾಮಿಗೆ ಬೀಗ ಹಾಕುವ ಹೊತ್ತಿಗೆ ಬೆಸುಗೆಯ ಕೆಲಸ ಇಟ್ಟುಕೊಳ್ಳಲೇಬಾರದು.